ಎರಡನೇ ಕಂಬದ ಹತ್ತಿರ ಬಿದ್ದದ್ದು

ಹಲ್ಲು ಬಿಟ್ಟು ನಗುವ ನನ್ನ ಅತ್ತೆಗೆ, ಐತುತಾಕಿ ದ್ವೀಪದಿಂದ ಸೊಸೆ ಕುರಾ ಮಾಡುವ ನಮಸ್ಕಾರಗಳು.

ನೀವು ಹೋಗಿ ಇವತ್ತಿಗೆ ಒಂಬತ್ತು ದಿನ. ಫೋನು ಮಾಡಬಹುದಿತ್ತು, ಆದರೆ ನಮ್ಮ ಮನೆಯ ಫೋನಿನ ಮಾತು ನಾಲ್ಕು ಮನೆಗೆ ಕೇಳುತ್ತದೆ, ಆಮೇಲೆ ನಿಮಗೆ ಕೊಟ್ಟ ಆಣೆ ಉಳಿಯುವುದಿಲ್ಲ. ಅದಕ್ಕೇ ಪತ್ರ. ಓದಿದ ಮೇಲೆ ಒಲೆಗೆ ಹಾಕಿಬಿಡಿ.

ನಿಮ್ಮನ್ನು ನೆನೆದರೆ ನನಗೆ ಎಷ್ಟು ಭಯವಿತ್ತು ಗೊತ್ತೆ? ನಿಮ್ಮ ಮಗ ಮತಾಯೋ ಹತ್ತು ದಿನದ ಡೈವಿಂಗ್ ಕಲಿಯಲು ನಿಮ್ಮ ರಾರೋಟೋಂಗಾ ದ್ವೀಪದಿಂದ ಬಂದವನು, ನಾನು ಕಲಿಸುವವಳು. ನೀರಿನಡಿ ಬಾಯಿ ಬಿಡುವಂತಿಲ್ಲವಲ್ಲ, ಕೈಸನ್ನೆಯಲ್ಲೇ ಪ್ರೀತಿಸಿ ಐದನೇ ತಿಂಗಳಿಗೆ ಮದುವೆಯಾಗಿಬಿಟ್ಟೆವು. ಮಗನ ಮದುವೆಗೆಂದು ನೀವು ಹೊಲಿಯುತ್ತಿದ್ದ ಕೌದಿ ಆಗಿನ್ನೂ ಅರ್ಧದಲ್ಲಿತ್ತು. ತಾಯಿ ಕೌದಿ ಹೊದಿಸಿ ನಾಲ್ಕು ಮಾತು ಹೇಳದ ಮದುವೆ ಬರೀ ಸರ್ಕಾರದ ಕಾಗದ ಎಂದು ನನ್ನ ಅಜ್ಜಿ ಹೇಳುತ್ತಲೇ ಇದ್ದಳು. ನಮಗೆಲ್ಲಿ ಕಿವಿ ಕೇಳುತ್ತಿತ್ತು! ನೀವು ಮದುವೆಗೆ ಬರಲಿಲ್ಲ. ಫೋನಿನಲ್ಲಿ ಹೇಳಿದ್ದು ಇಷ್ಟೇ: “ಹೊಲಿಗೆ ಮುಗೀಲಿ, ಬರ್ತೀನಿ. ಆ ಹುಡುಗಿಗೆ ಹೇಳೋದನ್ನ ಅವಳ ಮುಖ ನೋಡ್ಕೊಂಡೇ ಹೇಳ್ತೀನಿ.”

ಆ ‘ಹೇಳೋದು’ ಏನಿರಬಹುದೆಂದು ಏಳು ವಾರ ಒದ್ದಾಡಿದೆ ಅತ್ತೆ. ಇವಳು ನಮ್ಮ ಮನೆಯವಳಲ್ಲ ಎಂದುಬಿಟ್ಟರೆ? ತಾಯಿಯ ಮಾತು ಮೀರುವವನಲ್ಲ ಮತಾಯೋ.

ವಿಮಾನವೆಂದರೆ ಆಗದ ನೀವು ಪ್ರವಾಸಿಗಳ ಹಡಗಿನಲ್ಲಿ ಬಂದಿರಿ. ಅದು ಹವಳದ ಗೋಡೆಯಾಚೆ ನಿಂತು, ಜನರನ್ನು ಚಿಕ್ಕ ದೋಣಿಗಳಲ್ಲಿ ಗಂಡಿಯೊಳಗಿಂದ ಕಳಿಸಿತು. ನಾವೆಲ್ಲ ಹೂಮಾಲೆ ಹಿಡಿದು ದೋಣಿಕಟ್ಟೆಯ ಮೇಲೆ ನಿಂತಿದ್ದೆವು. ಚರ್ಚಿನ ಬಿಳಿ ಟೋಪಿ ಹಾಕಿದ್ದ ನೀವು ಮಗನನ್ನು ಕಂಡಿದ್ದೇ ದೋಣಿಯಲ್ಲಿ ಎದ್ದು ನಿಂತು “ಮತಾಯೋ!” ಎಂದು ಕೂಗಿದಿರಿ. ಕಟ್ಟೆಯ ಎರಡನೇ ಕಂಬದ ಹತ್ತಿರ ಬಿಳಿಯದೇನೋ ನೀರಿಗೆ ಬಿತ್ತು. ಟೋಪಿಯ ಹೂವಿರಬೇಕು ಎಂದುಕೊಂಡೆ.

“ಅಬ್ಬಾ, ಏನು ಗಂಟಲು ನಿನ್ನ ಅತ್ತೇದು! ಆ ಹಡಗಿಗೆ ಸೈರನ್ನೇ ಬೇಡ,” ಎಂದರು ಕಟ್ಟೆಯ ಉಸ್ತುವಾರಿಯ ಇಯೋನಾ ಚಿಕ್ಕಪ್ಪ.

ಆ ಗಂಟಲಿನಿಂದ ಆಮೇಲೆ ಒಂದು ಮಾತೂ ಬರಲಿಲ್ಲ. ಬಾಯಿಗೆ ಕರವಸ್ತ್ರ ಒತ್ತಿ ಹಿಡಿದಿರಿ. ನಾನು ಹಾಕಿದ ಮಾಲೆಗೆ ತಲೆಯಾಡಿಸಿದಿರಿ, ಅಷ್ಟೇ. ಮನೆಯಲ್ಲಿ ಹಂದಿಮಾಂಸ, ತೆಂಗಿನ ಹಾಲಿನ ಹಸಿಮೀನು, ಕೆಸುವಿನ ಸೊಪ್ಪು, ನಸುಕಿಗೇ ಎದ್ದು ಬೇಯಿಸಿದ್ದೆಲ್ಲ ಮುಂದಿಟ್ಟೆ. ನೀವು ಎಳನೀರೊಂದನ್ನು ಕುಡಿದಿರಿ. ತೊಡೆಯ ಮೇಲಿಟ್ಟುಕೊಂಡಿದ್ದ ಕೌದಿಯ ಗಂಟು ಬಿಚ್ಚಲೂ ಇಲ್ಲ. ಅಜ್ಜಿಯ ಮುಖ ಸಣ್ಣಗಾಯಿತು. ಇಯೋನಾ ಚಿಕ್ಕಪ್ಪ ನನ್ನ ಕಿವಿಯ ಹತ್ತಿರ ಬಂದು, “ಕೆಟ್ಟೆ ಬಿಡು ಮಗಳೇ. ಬೈಯೋ ಅತ್ತೇನ ಸಂಭಾಳಿಸಬಹುದು, ಸುಮ್ನೆ ಕೂತಿರೋ ಅತ್ತೇನ ಆ ದೇವರಿಗೂ ಆಗಲ್ಲ,” ಎಂದರು.

ಅಳು ಬಂದು ಹಿಂದಿನ ಕೋಣೆಗೆ ಓಡಿದೆ. ಅಲ್ಲಿ ನೀವಿದ್ದಿರಿ. ಯಾವಾಗ ಎದ್ದು ಬಂದಿರೋ, ಕನ್ನಡಿಯ ಮುಂದೆ, ಕರವಸ್ತ್ರವಿಲ್ಲದೆ. ನಮ್ಮಿಬ್ಬರ ಕಣ್ಣು ಕನ್ನಡಿಯೊಳಗೇ ಕೂಡಿದವು. ಮೇಲಿನ ಸಾಲಿನಲ್ಲಿ ಒಂದೂ ಹಲ್ಲಿರಲಿಲ್ಲ! ನೀವು ಮೊದಲು ಬಾಯಿ ಮುಚ್ಚಿಕೊಂಡಿರಿ, ಆಮೇಲೆ ಸೋತವರ ಹಾಗೆ ಕೈ ಇಳಿಸಿ ಕಡಲಿನತ್ತ ಬೆರಳು ತೋರಿದಿರಿ. ಕಟ್ಟಿಸಿದ ಹಲ್ಲೆಂದು ಮಗನಿಗೂ ಗೊತ್ತಿಲ್ಲ, ಯಾರಿಗೂ ಹೇಳಬೇಡ ಎಂದು ಸನ್ನೆಯಲ್ಲೇ ಆಣೆ ಹಾಕಿಸಿಕೊಂಡಿರಿ. ಚರ್ಚಿನಲ್ಲಿ ಮುಂದೆ ನಿಂತು ಹಾಡುವವರು ನೀವು. ಆ ಸಂಕಟ ನನಗೆ ಅರ್ಥವಾಯಿತು.

ಒಬ್ಬಳೇ ನೀರಿಗಿಳಿಯಬಾರದೆಂಬುದು ನಮ್ಮ ಕೆಲಸದ ಮೊದಲ ಪಾಠ. ಹಾಗಾಗಿ ಮತಾಯೋನನ್ನು ಎಳೆದುಕೊಂಡು ಹೋದೆ. “ನಿಮ್ಮಮ್ಮನ ಕಿವಿಯೋಲೆ ಬಿದ್ದಿದೆ, ಅದಕ್ಕೇ ಅವರಿಗೆ ಬೇಜಾರು,” ಎಂದೆ. ಇಯೋನಾ ಚಿಕ್ಕಪ್ಪ ದೋಣಿಗಳನ್ನು ತಡೆದು, “ಇಪ್ಪತ್ತೇ ನಿಮಿಷ! ಒಂದು ಓಲೆಗೋಸ್ಕರ ನಾನು ಹಡಗು ನಿಲ್ಸೋಕಾಗಲ್ಲ,” ಎಂದು ಕೂಗಿದರು.

ನಾಲ್ಕಾಳು ಆಳ. ಗಂಡಿಯ ಸೆಳೆತ ಹೊರಗೆ ಜಗ್ಗುತ್ತಿತ್ತು. ಎರಡನೇ ಕಂಬದಿಂದ ಅಡ್ಡಡ್ಡ ಈಜುತ್ತ, ಮರಳನ್ನು ಕೈಯಿಂದ ಬೀಸಿ ಬೀಸಿ ನೋಡಿದೆ. ಮತಾಯೋ ಪಾಪ, ಆ ಕಡೆ ಓಲೆ ಹುಡುಕುತ್ತಿದ್ದ. ಸಿಲಿಂಡರಿನ ಗಾಳಿ ತೋರಿಸುವ ಮುಳ್ಳು ಅರ್ಧಕ್ಕಿಳಿದಾಗ ಕಂಡಿತು. ಮೆದುಳಿನಂಥ ಒಂದು ಹವಳದ ಬುಡದಲ್ಲಿ ನಿಮ್ಮ ಹಲ್ಲಿನ ಸಾಲು ಒಂಟಿಯಾಗಿ ನಗುತ್ತ ಕೂತಿತ್ತು! ಅದರ ಮೇಲೊಂದು ಪುಟ್ಟ ಏಡಿ, ಮನೆ ಸಿಕ್ಕಿತೆಂಬ ಸಂಭ್ರಮದಲ್ಲಿ. ನಕ್ಕ ರಭಸಕ್ಕೆ ನನ್ನ ಮುಖವಾಡದೊಳಗೆ ನೀರು ತುಂಬಿತು.

ಈಗ ಒಂದು ತಪ್ಪೊಪ್ಪಿಗೆ. ಹಲ್ಲು ಕೈಯಲ್ಲಿ ಹಿಡಿದು ನಾನು ತಕ್ಷಣ ಮೇಲೇಳಲಿಲ್ಲ. ಇದನ್ನು ಕೊಟ್ಟರೆ ತಾನೇ ಅತ್ತೆ ಆ ‘ಹೇಳೋದನ್ನು’ ಹೇಳುವುದು? ಸಿಗಲಿಲ್ಲ ಎಂದರೆ ಮೂರು ಗಂಟೆಗೆ ಹಡಗು ಅತ್ತೆಯನ್ನು ಹತ್ತಿಸಿಕೊಂಡು ಹೋಗುತ್ತದೆ, ಮತಾಯೋ ನನ್ನವನಾಗಿಯೇ ಉಳಿಯುತ್ತಾನೆ. ಹಾಗೆಂದು ನಿಜವಾಗಿಯೂ ಯೋಚಿಸಿದೆ ಅತ್ತೆ. ನಾಲ್ಕೈದು ಉಸಿರಿನಷ್ಟು ಹೊತ್ತು. ಆದರೆ ಇದು ಬಿದ್ದದ್ದು ಹೇಗೆ? ಮಗನ ಹೆಸರು ಕೂಗಿ. ಅಷ್ಟು ಜೋರಾಗಿ ಅವನ ಹೆಸರು ಕೂಗುವ ಬಾಯನ್ನು ಮುಚ್ಚಿಸಿ ನಾನೆಂಥ ಸಂಸಾರ ಮಾಡಲಿ? ಬೈದರೆ ಬೈಯಲಿ ಎಂದು ಏಡಿಯನ್ನು ಮೆಲ್ಲಗೆ ಇಳಿಸಿ, ಹಲ್ಲನ್ನು ಈಜುಡುಗೆಯ ತೋಳಿನೊಳಗೆ ತೂರಿಸಿಕೊಂಡು ಮೇಲೆದ್ದೆ.

ಮೇಲೆ ಬಂದರೆ ಮತಾಯೋ “ಸಿಕ್ತು! ಸಿಕ್ತು!” ಎಂದು ಕುಣಿಯುತ್ತಿದ್ದಾನೆ. ಕೈಯಲ್ಲಿ ಯಾವಳದೋ ಪಾಚಿಗಟ್ಟಿದ ಓಲೆ!

ಬಾಗಿಲ ಸಂದಿಯಿಂದ ಹಲ್ಲು ಕೊಟ್ಟಾಗ ನೀವು ನನಗೆ ಆಡಿದ ಮೊದಲ ಮಾತು ಸಾಯುವವರೆಗೂ ಮರೆಯುವುದಿಲ್ಲ: “ಇಷ್ಟೊತ್ತು ಬೇಕಿತ್ತೇನೇ? ನೀರೊಳಗೇ ಮನೆ ಕಟ್ತಿದ್ದೆಯಾ?”

ಆಮೇಲೆ ಮಗ ತಂದ ಓಲೆಯನ್ನು ಮುಖ ಗಂಟಿಕ್ಕದೆ ಒಂದು ಕಿವಿಗೆ ಸಿಕ್ಕಿಸಿಕೊಂಡು, ನಡುಮನೆಯಲ್ಲಿ ನಿಂತು ಗಂಟು ಬಿಚ್ಚಿದಿರಿ. ಕೆಂಪು ಬಟ್ಟೆಯ ಮೇಲೆ ಬಿಳಿ ಹೂಗಳು. ಅಜ್ಜಿ ಉಸಿರು ಎಳೆದುಕೊಂಡಳು. ನಮ್ಮಿಬ್ಬರಿಗೂ ಒಟ್ಟಿಗೆ ಹೊದಿಸಿದಿರಿ. ನನ್ನ ಭುಜದ ಮೇಲೆ ಬಂದ ಮೂಲೆ ಖಾಲಿಯಿತ್ತು. ಆ ಖಾಲಿ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದೆ.

“ಇಪ್ಪತ್ಮೂರು ಹೂವು ನಂದು,” ಎಂದಿರಿ. “ಇಪ್ಪತ್ನಾಲ್ಕನೇದು ಇವಳದು. ನಾನೇ ಮುಗಿಸಿದ್ರೆ ಇದು ಅತ್ತೆ ಕೌದಿ ಆಗ್ತಿತ್ತು. ಇವಳು ಮುಗಿಸಿದ್ರೆ ನಮ್ಮ ಮನೆ ಕೌದಿ ಆಗ್ತದೆ. ಇಷ್ಟು ಹೇಳೋಕೇ ನಾನು ಬಂದದ್ದು. ಏನೇ ಹುಡುಗಿ, ಸೂಜಿ ಹಿಡಿಯೋಕೆ ಬರುತ್ತಾ?”

“ಇಲ್ಲ ಅತ್ತೆ.”

“ಗೊತ್ತಿತ್ತು. ಅದಕ್ಕೇ ಒಂದೇ ಬಿಟ್ಟಿದೀನಿ.”

ನಾನು ಕೌದಿಯೊಳಗೇ ಅತ್ತುಬಿಟ್ಟೆ, ಅಲ್ಲೇ ನಕ್ಕೆ. ನೀವು ತಣ್ಣಗಾದ ಹಂದಿಮಾಂಸವನ್ನು ಎರಡು ಸಲ ಹಾಕಿಸಿಕೊಂಡು ಕಚ್ಚಿ ಕಚ್ಚಿ ತಿಂದಿರಿ. ಇಯೋನಾ ಚಿಕ್ಕಪ್ಪನಿಗೆ ಇನ್ನೂ ಆಶ್ಚರ್ಯ: “ಒಂದು ಓಲೆ ಹೋದದ್ದಕ್ಕೆ ಊಟ ಬಿಡ್ತಾರಾ ಜನ!”

ನನ್ನ ಹೂವು ನಿನ್ನೆ ಮುಗಿಯಿತು. ಬೆರಳೆಲ್ಲ ತೂತು. “ಇದು ಹೂವೋ ಏಡಿಯೋ?” ಎಂದಳು ಅಜ್ಜಿ. ಒಂದು ಎಸಳಿನ ಅಂಚನ್ನು ಮಾತ್ರ ಬೇಕೆಂದೇ ಪುಟ್ಟ ಪುಟ್ಟ ಹಲ್ಲಾಗಿ ಹೊಲಿದಿದ್ದೇನೆ, ನಿಮ್ಮ ಸಾಲಿನಲ್ಲಿದ್ದಷ್ಟೇ, ಸರಿಯಾಗಿ ಹದಿನಾಲ್ಕು. ಮತಾಯೋ ಅದನ್ನು ಸವರಿ, “ಇದೇನು, ಅಲೆನಾ?” ಎಂದ. ಹೌದು, ಅಲೆಯೇ ಎಂದೆ.

ಮುಂದಿನ ಹಡಗಿಗೆ ಬನ್ನಿ ಅತ್ತೆ. ದೋಣಿಯಿಂದ ಮಗನನ್ನು ಕಂಡಾಗ ಮತ್ತೆ ಅಷ್ಟೇ ಜೋರಾಗಿ ಕೂಗಿ, ಸ್ವಲ್ಪವೂ ಹಿಂಜರಿಯಬೇಡಿ. ಎರಡನೇ ಕಂಬದ ಹತ್ತಿರ ನಾನು ಮೊದಲೇ ನೀರಿಗಿಳಿದು ಕಾಯುತ್ತಿರುತ್ತೇನೆ.

ನೀವು ನೂರು ವರ್ಷ ಬಾಳಿ, ನೂರು ವರ್ಷವೂ ಗಟ್ಟಿಯಾದದ್ದನ್ನೇ ಕಚ್ಚಿ ತಿನ್ನಿ.

ಬಾಯಿ ಬಿಡದ ನಿಮ್ಮ ಸೊಸೆ,
ಕುರಾ