ಭಾವ ಕೊಂಡ ಪಿಕಪ್ಪು

ಮಂಗಳವಾರ, ಮಾರ್ಚ್ ೧೮

ಭಾವ ಕಡೆಗೂ ನಮ್ಮ ಕಂಪನಿಯ ಡೀಸೆಲ್ ಪಿಕಪ್ಪನ್ನೇ ಕೊಂಡಿದ್ದಾರೆ. ಅದೂ ನಾನು ಕೆಲಸ ಮಾಡುವ ಶೋರೂಮಿನಲ್ಲಲ್ಲ, ಪಕ್ಕದ ಊರಿನಲ್ಲಿ.

ಹೋದ ವಾರ ಅವರನ್ನು ಟೀ ಅಂಗಡಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದ್ದೆ. "ಭಾವ, ನಮ್ಮ ಎಂಜಿನ್ ಕೈಕೊಡಲ್ಲ, ನಿಜ. ಆದ್ರೆ ನೀವು ಜನರೇಟರ್ ಟ್ರೇಲರ್ ಎಳೀಬೇಕು. ಆ ಭಾರಕ್ಕೆ ಇಳಿಜಾರಲ್ಲಿ ಇದರ ಬ್ರೇಕ್ ಬಿಸಿಯಾಗಿ ಹಿಡಿಯೋದೇ ಇಲ್ಲ. ಎದುರು ಶೋರೂಮಿನ ಗಾಡಿ ತಗೊಳ್ಳಿ." ಕೆಲಸ ಹೋದರೂ ಹೋಗಲಿ ಎಂದು ಆಡಿದ ಮಾತು.

ಅವರು ನಕ್ಕುಬಿಟ್ಟರು. "ಡಿಸ್ಕೌಂಟ್ ಕೊಡಿಸೋಕೆ ಮನಸ್ಸಿಲ್ಲ ಅಂದ್ರೆ ನೇರವಾಗಿ ಹೇಳಪ್ಪಾ."

ಇಷ್ಟು ವರ್ಷ ಬಾಯಿಗೆ ಬಂದದ್ದು ಹೇಳಿ ಗಾಡಿ ಮಾರಿದ್ದೇನೆ. ಎಲ್ಲರೂ ನಂಬಿದ್ದಾರೆ. ನಿಜ ಹೇಳಿದ್ದು ಒಬ್ಬರಿಗೆ. ಥೂ.

ಊಟಕ್ಕೆ ಕೂತಾಗ ಅಕ್ಕನ ಫೋನು. "ನಾಳೆ ಗುಡ್ಡದ ಆಚೆ ಜನರೇಟರ್ ಒಯ್ಯಬೇಕು ಕಣೋ. ಹೊಸ ಗಾಡಿ ಅಂತ ಮಕ್ಕಳೂ ಹಟ ಹಿಡಿದಿದಾವೆ."

"ಮಕ್ಕಳು ಬೇಡ ಅಕ್ಕಾ" ಅಂದೆ.

"ನಿಂಗೆ ಹೊಟ್ಟೆಕಿಚ್ಚು ಅಂತ ನಿಮ್ಮ ಭಾವ ಹೇಳಿದ್ದು ನಿಜಾನೇ ಬಿಡು" ಎಂದು ನಗುತ್ತಾ ಇಟ್ಟಳು.

ಗುಡ್ಡ ಇಳಿಯುವಾಗ ಎರಡನೇ ಗೇರಿನಲ್ಲೇ ಬನ್ನಿ, ಎಂಜಿನ್ನೇ ಗಾಡಿಯನ್ನು ತಡೆಯುತ್ತೆ, ಬ್ರೇಕ್ ಉಳಿಯುತ್ತೆ ಅಂತ ಭಾವನಿಗೆ ಹೇಳಬೇಕು. ಫೋನ್ ಕೈಯಲ್ಲೇ ಇದೆ. ನಾನು ಹೇಳಿದೆ ಅನ್ನುವುದಕ್ಕೇ ಮೂರನೇ ಗೇರಿಗೆ ಹಾಕುವ ಮನುಷ್ಯ.