ಎಡಗಾಲಿನ ಬೂಟು

ನವೆಂಬರ್ ೧೪, ಶುಕ್ರವಾರ

ಇವತ್ತೂ ಆ ಬೂಟೇ ತಲೆ ತಿಂತಾ ಇದೆ.

ಜನರಲ್ ಸಾಹೇಬರು ಹೋಗಿ ವರ್ಷವಾಯಿತು. ಸಮಾಧಿ ಒರೆಸೋಕೆ ಬಟ್ಟೆ ಹಿಡಿದು ಹೊರಟರೆ ಇವಳು, "ಇಪ್ಪತ್ತೆರಡು ವರ್ಷ ಅವರ ಬೂಟು ಒರೆಸಿದ್ದು ಸಾಲದಾ? ಕಲ್ಲನ್ನೂ ಬಿಡಲ್ವಲ್ಲ ನೀವು" ಅಂತ ನಕ್ಕಳು.

ಸ್ಮಶಾನದಲ್ಲಿ ದೊಡ್ಡ ಅಧಿಕಾರಿಗಳ ಸಾಲು ಬೇಡ ಅಂತ ಹಟ ಹಿಡಿದು, ತಮ್ಮ ಮೊದಲ ತುಕಡಿಯ ಸಿಪಾಯಿಗಳ ಪಕ್ಕ, ಗೋಡೆಯ ಬುಡದಲ್ಲಿ ಜಾಗ ಕೇಳಿ ಪಡೆದವರು ಅವರು. ಕಲ್ಲೂ ಸಿಪಾಯಿಗಳದ್ದರಷ್ಟೇ ಗಿಡ್ಡ.

ಅವರ ಎಡಗಾಲಿನ ಎರಡು ಬೆರಳು ಹಿಮದಲ್ಲಿ ಹೋಗಿದ್ದವು. ದಿನಾ ಬೆಳಿಗ್ಗೆ ಕಾಲು ಚಾಚಿ, "ಎಡಗಡೆ ಸಡಿಲ ಇರಲಿ ಕಣಯ್ಯಾ. ವೈರಿಗಿಂತ ನೀನೇ ಜಾಸ್ತಿ ನೋಯಿಸ್ತೀಯ" ಅನ್ನೋರು. ಇಡೀ ಪಡೆಯನ್ನೇ ನಡುಗಿಸುತ್ತಿದ್ದ ಮನುಷ್ಯ, ನನ್ನೆದುರು ಮಗುವಿನ ಹಾಗೆ ಕೂತಿರೋರು.

ಕೊನೇ ದಿನ ಬೂಟು ಹಾಕಿದ್ದೂ ನಾನೇ. ದೊಡ್ಡವರೆಲ್ಲ ಬರ್ತಾರೆ, ಒಪ್ಪವಾಗಿ ಕಾಣಲಿ ಅಂತ ಎರಡೂ ಲೇಸು ಬಿಗಿಯಾಗಿ ಎಳೆದು ಕಟ್ಟಿಬಿಟ್ಟೆ. ನೆನಪಾಗಿದ್ದು ಮಣ್ಣು ಹಾಕುವಾಗ.

ಇವತ್ತು ಕಲ್ಲು ಒರೆಸಿ ಏಳುವ ಮುಂಚೆ, ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು, ನನ್ನ ಎಡಗಾಲಿನ ಲೇಸು ಬಿಚ್ಚಿದೆ. ಹಾಗೇ ಮನೆವರೆಗೂ ನಡೆದೆ.

"ಲೇಸು ಬಿಚ್ಚಿಕೊಂಡಿದೆಯಲ್ರೀ, ಮುಗ್ಗರಿಸ್ತೀರಿ" ಅಂದಳು ಇವಳು, ಬಾಗಿಲಲ್ಲೇ.

"ಇರಲಿ ಬಿಡೇ," ಅಂದೆ. "ಬಿಗಿದರೆ ಅವರಿಗೆ ನೋಯುತ್ತೆ."