ಗಿಟಾರಿನ ಕಿವಿ

ಮನೆ,
ಅಕ್ಟೋಬರ್ ೧೮, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೂ,

ಹೇಗಿದ್ದೀಯೋ? ಮೂವತ್ತೊಂಬತ್ತು ತುಂಬಿದವನನ್ನು ಪುಟ್ಟು ಅನ್ನಬಾರದು, ಗೊತ್ತು. ಆದರೆ ಲಕೋಟೆಯ ಮೇಲೆ ನಿನ್ನ ಪೂರ್ತಿ ಹೆಸರು ಬರೆಯುವಾಗಲೇ ಯಾರೋ ಅಪರಿಚಿತರಿಗೆ ಬರೆದಂತಾಯಿತು. ಒಳಗಾದರೂ ಪುಟ್ಟು ಇರಲಿ. ಮಂಡಿನೋವು ಕಡಿಮೆಯಾಯಿತೇ? ಹಡಗಿನ ಇಂಜಿನ್ ಕೋಣೆಯಲ್ಲಿ ದಿನಕ್ಕೆ ಎಷ್ಟು ಸಲ ಏಣಿ ಹತ್ತಿಳಿಯಬೇಕೋ ನನಗೆ ಅಂದಾಜಿಲ್ಲ. ಆ ಸದ್ದಿನಲ್ಲಿ ಕಿವಿಗೆ ಏನಾದರೂ ಹಾಕಿಕೊಳ್ಳುತ್ತೀ ತಾನೆ? ಬೇರೆಯವರು ಹಾಕಿಕೊಳ್ಳದಿದ್ದರೂ ನೀನು ಹಾಕಿಕೋ. ನಿನ್ನ ಕಾರ್ಡು ಬಂದಿತ್ತು. ಚೆನ್ನಾಗಿದ್ದೇನೆ ಎಂದು ಒಂದು ಸಾಲು, ಹೊಸ ಹಡಗು ಎಂದು ಇನ್ನೊಂದು. ವಿಳಾಸವೇ ನಾಲ್ಕು ಸಾಲಿತ್ತು. ಅದನ್ನೂ ಸೇರಿಸಿಕೊಂಡು, ಪರವಾಗಿಲ್ಲ, ಈ ವರ್ಷ ಆರು ಸಾಲಿನ ಪತ್ರ ಬಂತು ಅಂದುಕೊಂಡೆ.

ನಾನು ಆರೋಗ್ಯವಾಗಿದ್ದೇನೆ. ಕೆಲಸ ಅದೇ, ಔಷಧದ ಡಬ್ಬಿಯೊಳಗೆ ಮಡಿಚಿಡುವ ಚೀಟಿಗಳನ್ನು ಓದಿ ತಪ್ಪು ಹುಡುಕುವುದು. ಊಟಕ್ಕೆ ಮುಂಚೆ ಎಂಬಲ್ಲಿ ಊಟದ ನಂತರ ಎಂದು ಬಿದ್ದರೆ ಯಾರಿಗೋ ಕೇಡು, ಹಾಗಾಗಿ ನಮ್ಮ ಕೋಣೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಮನೆಗೆ ಬಂದರೆ ಗೊಣಗುವುದು ಫ್ರಿಜ್ಜೊಂದೇ. ಒಮ್ಮೊಮ್ಮೆ ಅದಕ್ಕೆ ಉತ್ತರ ಕೊಡುತ್ತೇನೆ. ನಗಬೇಡ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳ ಒತ್ತಕ್ಷರಗಳಿಗೂ ನಗಬೇಡ. ಈ ಪತ್ರವನ್ನು ತಿದ್ದಲು ಮನೆಯಲ್ಲಿ ಬೇರೆ ಯಾರೂ ಇಲ್ಲ.

ನಿನ್ನ ಗಿಟಾರನ್ನು ಕೊಟ್ಟುಬಿಡೋಣ ಅಂದುಕೊಂಡಿದ್ದೆ, ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ವರ್ಷದಿಂದ ನಿನ್ನ ಕೋಣೆಯ ಕಪಾಟಿನ ಪಕ್ಕ, ಗೋಡೆಗೆ ಮುಖ ಮಾಡಿ ಶಿಕ್ಷೆಗೆ ನಿಂತ ಮಗುವಿನ ಹಾಗೆ ನಿಂತಿತ್ತು. ಆಫೀಸಿನ ಗೆಳತಿಯ ಮಗಳು ಕಲಿಯಲು ಹೊರಟಿದ್ದಾಳೆ, ಹಳೆಯದಾದರೂ ಸರಿ ಎಂದಳು. ಸರಿಮಾಡಿ ಕೊಡುವುದು ಮರ್ಯಾದೆ ಎಂದು ಚೀಲದ ಜಿಪ್ಪು ಎಳೆದೆ. ಒಂದು ತಂತಿ ಕಡಿದಿತ್ತು. ಕೇಬಲ್ ಚುಚ್ಚುವ ತೂತು ಅಲುಗಾಡುತ್ತಿತ್ತು. ಅದಕ್ಕೇನು, ನಟ್ಟು ಬಿಗಿ ಮಾಡಿದರಾಯಿತು ಎಂದು ಸ್ಪ್ಯಾನರು ಹಾಕಿ ತಿರುಗಿಸಿದೆ. ಹೊರಗೆ ನಟ್ಟು ತಿರುಗಿದಷ್ಟೂ ಒಳಗಿನದೆಲ್ಲ ಜೊತೆಗೇ ತಿರುಗಿ, ವೈರು ಕಿತ್ತು ಬಂತು. ತಪ್ಪು ಹುಡುಕುವವಳ ಕೈಗೆ ಸ್ಪ್ಯಾನರು ಕೊಡಬಾರದು.

ಹೀಗೆ ರಿಪೇರಿ ಅಂಗಡಿಗೆ ಹೋದೆ. ಬೀಗದ ಕೀ ಮಾಡುವವನಿಗೂ ಬಟ್ಟೆ ಒಗೆಯುವ ಅಂಗಡಿಗೂ ನಡುವೆ, ಎರಡು ಜನ ನಿಂತರೆ ಮೂರನೆಯವರು ಹೊರಗೇ ಇರಬೇಕು, ಅಂಥ ಜಾಗ. ಯಜಮಾನರು ಹಣೆಯ ಮೇಲೆ ಸದಾ ಒಂದು ಭೂತಗನ್ನಡಿ ಕಟ್ಟಿಕೊಂಡಿರುತ್ತಾರೆ, ಹಾಗಾಗಿ ನನ್ನ ಪಾಲಿಗೆ ಅವರು ಭೂತಗನ್ನಡಿ. ಕಿತ್ತ ವೈರು ತೋರಿಸಿ, ಜೊತೆಗೆ "ಗಿಟಾರಿಗೆ ಹೊಸ ಕಿವಿಯೂ ಬೇಕಿತ್ತು" ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿ ಒಳಗಿಂದ ಒಂದು ಹೆಡ್‌ಫೋನ್ ತಂದಿಟ್ಟರು! ಆಗ ಹೊಳೆಯಿತು, ತಂತಿ ಬಿಗಿ ಮಾಡುವ ಆ ತಿರುಪುಗಳಿಗೆ ಕಿವಿ ಎನ್ನುವುದು ಲೋಕದಲ್ಲೆಲ್ಲ ನಮ್ಮ ಮನೆಯವರು ಮಾತ್ರ. ನೆನಪಿದೆಯಾ, ನಿನಗೆ ಹತ್ತೊಂಬತ್ತಾಗಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು "ಪುಸ್ತಕ ಹಿಡೀತೀಯೋ, ಬಂದು ಕಿವಿ ಹಿಂಡಲೋ" ಎಂದದ್ದು, ನೀನು ತಲೆ ಎತ್ತದೆ "ತಾಳಮ್ಮ, ಮೊದಲು ಇದರ ಕಿವಿ ಹಿಂಡಿ ಮುಗಿಸ್ತೀನಿ, ಆಮೇಲೆ ನಂದು" ಎಂದದ್ದು. ಅಮ್ಮನಿಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವತ್ತಿನಿಂದ ಅವು ಕಿವಿಗಳೇ. ಆ ಮಾತು ಗೊತ್ತಿರುವವರು ಈಗ ನಾವಿಬ್ಬರೇ ಉಳಿದಿರುವುದು.

ಆ ಮಾತಿನಿಂದಲೇ ಅಲ್ಲವೇ ಕೆಟ್ಟದ್ದೂ. ಇದನ್ನು ಬರೆಯಲೋ ಬೇಡವೋ ಎಂದು ಎರಡು ಭಾನುವಾರ ಕಳೆದೆ. ನಾಲ್ಕು ವರ್ಷದ ಹಿಂದೆ ಆ ಬ್ಯಾಂಡಿನವರ ಮುಂದೆ ನೀನು ನುಡಿಸಿ ತೋರಿಸಬೇಕಿದ್ದ ದಿನ ಬೆಳಿಗ್ಗೆ, ನಾನು ಇಸ್ತ್ರಿ ಮಾಡುತ್ತಿದ್ದೆ, ನೀನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಶ್ರುತಿ ಮಾಡುತ್ತಲೇ ಇದ್ದೆ, ಮಾಡುತ್ತಲೇ ಇದ್ದೆ. ನನ್ನ ಬಾಯಿಂದ ಬಂತು: "ಕಿವಿ ಸರಿಯಿಲ್ಲ ಕಣೋ, ಎಷ್ಟು ತಿರುಗಿಸಿದ್ರೂ ಅಷ್ಟೇ." ನೀನು ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದೆ, ಅಲ್ಲಿಗೆ ಹೋಗಲೂ ಇಲ್ಲ. ತಿಂಗಳೊಳಗೆ ಹಡಗಿನ ಕೆಲಸ ಹಿಡಿದೆ. ಹೊರಡುವಾಗ "ಇದು ಬೇಡ್ವೇನೋ?" ಎಂದರೆ, "ಕಿವಿ ಸರಿಯಿಲ್ವಲ್ಲಕ್ಕ" ಎಂದು ನಕ್ಕೆ. ಅವತ್ತಿನಿಂದ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ: ನಾನಂದದ್ದು ಗಿಟಾರಿನ ಕಿವಿ, ಇವನು ತನ್ನದೆಂದು ಹಚ್ಚಿಕೊಂಡ, ನಮ್ಮ ಮನೆಯ ತಮಾಷೆ ನಮಗೇ ತಿರುಗಿಬಿತ್ತು ಎಂದು.

ಭೂತಗನ್ನಡಿಯವರು ಗಿಟಾರನ್ನು ಮಗುವಿನ ಹಾಗೆ ಮಡಿಲಲ್ಲಿ ಮಲಗಿಸಿ ನೋಡಿದರು. ಕಿವಿಯೊಳಗೆ ಸಣ್ಣ ಹಲ್ಲಿನ ಚಕ್ರಗಳಿರುತ್ತವಂತೆ, ಅವು ಸವೆದು ಸಡಿಲಾಗಿದ್ದವು. ಕಾಲು ಸುತ್ತು ತಿರುಗಿಸಿದರೆ ಏನೂ ಆಗದು, ಮತ್ತೊಂದು ಕೂದಲೆಳೆಯಷ್ಟಕ್ಕೆ ಸ್ವರ ಹಾರಿಬಿಡುತ್ತದೆ. ತಂತಿಗಳು ಹಾದುಹೋಗುವ ಪ್ಲಾಸ್ಟಿಕ್ ಪಟ್ಟಿಯ ಗೀರುಗಳು ಬೇರೆ, ತಂತಿಯನ್ನು ಕಚ್ಚಿ ಹಿಡಿಯುತ್ತಿದ್ದವು. "ಅಗ್ಗದ ಸಾಮಾನು ಮೇಡಂ, ದೇವರೇ ಬಂದು ಕೂತರೂ ಇದು ಶ್ರುತೀಲಿ ನಿಲ್ಲಲ್ಲ. ಯಾರು ನುಡಿಸ್ತಿದ್ರು?" ತಮ್ಮ ಎಂದೆ. ಗಾಜು ಕೆಳಗಿಳಿಸಿ, ಕತ್ತಿನ ಮೇಲೆ ಅಡ್ಡಡ್ಡ ಕೂಡಿಸಿರುವ ಲೋಹದ ಪಟ್ಟಿಗಳನ್ನು ತೋರಿಸಿದರು. ತಂತಿ ಒತ್ತುವ ಕಡೆ ಸಣ್ಣ ಗುಳಿ ಬೀಳುವುದು ಸಹಜ. ಇಲ್ಲಿ ಗುಳಿಯಲ್ಲ, ಪಕ್ಕಕ್ಕೆ ಎಳೆದ ಗೀರುಗಳು, ಪಟ್ಟಿ ಪಟ್ಟಿಗೂ. "ತಂತಿ ಇಳಿದುಹೋದಾಗೆಲ್ಲ ಬೆರಳಲ್ಲಿ ಪಕ್ಕಕ್ಕೆ ಎಳೆದು, ಸ್ವರ ಸರಿಮಾಡ್ಕೊಂಡೇ ನುಡಿಸಿದಾರೆ. ಒಂದೊಂದು ಸ್ವರಕ್ಕೂ! ಎಂಥಾ ಕಿವಿ ಮೇಡಂ ಅವರದ್ದು." ನಾನು ಹೊರಗೆ ಬಂದು, ಒಗೆದ ಬಟ್ಟೆಯ ಬಿಸಿ ವಾಸನೆಯಲ್ಲಿ ಸ್ವಲ್ಪ ಹೊತ್ತು ನಿಂತೆ.

ರಿಪೇರಿಯನ್ನು ಅರ್ಧ ಅವರು ಮಾಡಿದರು, ಅರ್ಧ ನಾನು. ಹೊಸ ಕಿವಿಗಳ ಕಾಂಡ ದಪ್ಪ. ತೂತುಗಳನ್ನು ಅವರು ಕೈಯಲ್ಲೇ ತಿರುಗಿಸಿ ತಿರುಗಿಸಿ ಹಿಗ್ಗಿಸಿಕೊಟ್ಟರು. ಪ್ಲಾಸ್ಟಿಕ್ ಪಟ್ಟಿಯ ಬದಲು ಮೂಳೆಯದನ್ನು ಕೂರಿಸಿದರು. ಹಳೆಯ ಸ್ಕ್ರೂ ತೂತುಗಳಿಗೆ ಅಂಟು ಹಚ್ಚಿದ ಹಲ್ಲುಕಡ್ಡಿ ತುಂಬಿ ಕತ್ತರಿಸಿದ್ದು ನಾನು. ವೈರಿಗೆ ಬೆಸುಗೆ ಹಾಕಿದ್ದೂ ನಾನೇ. ಹೆಬ್ಬೆರಳಿಗೆ ಒಂದು ಬೊಬ್ಬೆ ಎದ್ದಿದೆ. ಸ್ಕ್ರೂಗೆ ಸೋಪು ಸವರಿಕೊಂಡು ತಿರುಗಿಸಿ ಎಂದು ಹೇಳಿ ಕಳಿಸಿದ್ದರು. ನಾನು ಸವರಲಿಲ್ಲ, ಕೊನೆಯದರ ತಲೆ ಮುರಿದು ಮರದಲ್ಲೇ ಉಳಿಯಿತು, ಮತ್ತೆ ಅಂಗಡಿಗೆ ಓಡಿದೆ. ಮರೆತದ್ದೋ, ಮತ್ತೊಂದು ಶನಿವಾರ ಹೋಗಿ ಮಾತಾಡಲು ನೆಪ ಬೇಕಿತ್ತೋ, ನನಗೇ ಸರಿಯಾಗಿ ತಿಳಿಯದು. ಈಗ ಎಲ್ಲ ಮುಗಿದಿದೆ, ಹೋಗಲು ಕಾರಣವಿಲ್ಲ. ಶ್ರುತಿ ನೋಡಲು ಗಿಟಾರಿನ ತಲೆಗೆ ಕಚ್ಚಿಸುವ ಪುಟ್ಟ ಯಂತ್ರದಲ್ಲಿ ಆರು ತಂತಿಗೂ ಹಸಿರು ದೀಪ ಬರುತ್ತದೆ. ಒಂದು ವಾರವಾಯಿತು, ದಿನಾ ಆಫೀಸಿನಿಂದ ಬಂದು ಒಂದೊಂದನ್ನೇ ಮೀಟಿ ನೋಡುತ್ತೇನೆ. ಒಂದೂ ಇಳಿದಿಲ್ಲ. ಅದಕ್ಕಿಂತ ಹೆಚ್ಚು ನನಗೆ ಬರುವುದಿಲ್ಲವಲ್ಲ, ಯಂತ್ರ ತೆಗೆದು ಮತ್ತೆ ಚೀಲಕ್ಕೆ ಹಾಕುತ್ತೇನೆ.

ಗೆಳತಿಗೆ ಇಲ್ಲವೆಂದು ಹೇಳಿದೆ. ಅವಳ ಮಗಳಿಗೆ ಭೂತಗನ್ನಡಿಯವರು ಬೇರೊಂದು ಹುಡುಕಿಕೊಡುತ್ತಾರೆ. ನಿನ್ನ ಕೋಣೆಯ ಕಿಟಕಿ ದಿನಾ ತೆರೆದಿಡುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಂಡಿಗೆ ಬೆಚ್ಚಗೆ ಏನಾದರೂ ಸುತ್ತಿಕೋ. ಎಲ್ಲಿದ್ದರೂ ನೆಮ್ಮದಿಯಾಗಿರು.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಹರಿದು ಮತ್ತೆ ಬರೆಯುತ್ತಿದ್ದೇನೆ. ಮೇಲೆ ಒಂದು ತಪ್ಪನ್ನು ತಿದ್ದದೆ ಬಿಟ್ಟಿದ್ದೆ. ಆ ಬೆಳಿಗ್ಗೆ ನಾನು ಅಂದದ್ದು ಗಿಟಾರಿನ ಕಿವಿಯನ್ನಲ್ಲ, ನಿನ್ನದನ್ನೇ. ನೀನು ತಪ್ಪು ತಿಳಿದೆ ಎಂದು ನಾಲ್ಕು ವರ್ಷ ನಂಬಿಕೊಂಡೆ. ಇಲ್ಲ ಪುಟ್ಟೂ, ನೀನು ಸರಿಯಾಗಿಯೇ ಕೇಳಿಸಿಕೊಂಡಿದ್ದೆ.